ಪಕ್ಕದ ವಿಲ್ಲಾದ ಶುಕ್ರವಾರದೂಟ

ದುಬೈಯಲ್ಲಿ ನಮ್ಮ ಪಕ್ಕದ ವಿಲ್ಲಾದಲ್ಲಿದ್ದ ಆಂಟಿ ಮುಂಬಯಿಯ ಯಹೂದಿ ಹೆಂಗಸು. ಪ್ರತಿ ಶುಕ್ರವಾರ ಸಂಜೆ ಅವರ ಮನೆಯಲ್ಲಿ ಪ್ರಾರ್ಥನೆ, ಸ್ವಲ್ಪ ಹೊತ್ತು ಧರ್ಮಗ್ರಂಥದ ಪಾಠ, ಆಮೇಲೆ ಎಲ್ಲರಿಗೂ ಊಟ. ಮಂಗಳೂರಿನ ಕ್ರೈಸ್ತಳಾದ ನನಗೂ ಅಲ್ಲಿ ಜಾಗವಿತ್ತು. ಹೊಸಬರು ಬಾಗಿಲಲ್ಲಿ ಹಿಂಜರಿದರೆ ಆಂಟಿ ಅವರ ಎರಡೂ ಕೈ ಹಿಡಿದು, "ಮೊದಲು ಕೂತುಕೊಳ್ಳಿ, ಹೆಸರು ಆಮೇಲೆ ಹೇಳಿದರಾಯಿತು," ಎನ್ನುತ್ತಿದ್ದರು.

ಒಂದು ವಾರ ಯಾರೋ ಅವರಿಗೆ ಫೋನಿನಲ್ಲಿ ಕೊಲೆ ಬೆದರಿಕೆ ಹಾಕಿದರು. "ಈ ಸಲ ಹೋಗುದು ಬೇಡ ಮಾರಾಯ್ತಿ," ಎಂದು ಗಂಡ ಹೇಳಿದರೂ ನಾನು ಹೋದೆ. ಬಂದಿದ್ದವರು ಬೆರಳೆಣಿಕೆಯಷ್ಟು ಮಂದಿ. ಊಟಕ್ಕೆ ಮುಂಚಿನ ಹಾಡು ನಡೆದಿದ್ದಾಗ ಯಾರೋ ಗೇಟು ಬಡಿದರು. ಹಾಡು ನಿಂತಿತು. ತಾಯಂದಿರು ಮಕ್ಕಳನ್ನು ಒಳಕೋಣೆಗೆ ಎಳೆದೊಯ್ದರು. ಆಂಟಿ ಗೇಟಿನ ಬಳಿ ಹೋದರು. ಚಿಲಕ ಮಾತ್ರ ತೆಗೆಯಲಿಲ್ಲ.

"ನಿಮ್ಮ ಹೆಸರೇನು?" ಎಂದು ಒಳಗಿನಿಂದಲೇ ಕೇಳಿದರು.

ಹೊರಗಿದ್ದ ಹುಡುಗಿ ಹೆಸರು ಹೇಳಲಿಲ್ಲ. "ಇಲ್ಲಿ ಯಾರು ಬೇಕಾದರೂ ಊಟಕ್ಕೆ ಬರಬಹುದು ಅಂದಿದ್ದರು," ಎಂದಳು, ಅಳುದನಿಯಲ್ಲಿ.

ಆಂಟಿ ಚಿಲಕ ತೆಗೆದರು.

ಅವಳನ್ನು ತಮ್ಮ ಪಕ್ಕದಲ್ಲೇ ಕೂರಿಸಿ ನಗುನಗುತ್ತಾ ಬಡಿಸಿದರು. ಮೇಜಿನಡಿಯಲ್ಲಿ ಮಾತ್ರ ಅವರ ತಣ್ಣನೆಯ ಎಡಗೈ ನನ್ನ ಕೈಯನ್ನು ಊಟ ಮುಗಿಯುವವರೆಗೂ ಬಿಡಲಿಲ್ಲ.