ಕತ್ತರಿ ಇಂಜಿನಿಯರ್ ಮುಟ್ಟದ ಮೂಲೆ

ಕೂಲಿಕಾರರಿಗಾಗಿ ಕಡಿಮೆ ಬಾಡಿಗೆಯ ಮನೆಗಳ ನಕ್ಷೆ ಬರೆಯುವ ಈ ಇಂಜಿನಿಯರಿಗೆ ಮೇಸ್ತ್ರಿಗಳೆಲ್ಲ ಸೇರಿ ಇಟ್ಟ ಹೆಸರು ‘ಕತ್ತರಿ’. ಇಟ್ಟಿಗೆಯೊಂದು ಹೆಚ್ಚಾದರೆ ಯಾರದೋ ಬಾಡಿಗೆ ಹೆಚ್ಚುತ್ತದೆಂದು ಇಂಜಿನಿಯರಿಗೆ ಸಂಕಟ. ಅಡುಗೆಮನೆಗೂ ಬಚ್ಚಲಿಗೂ ನಡುವೆ ಒಂದೇ ಗೋಡೆ, ಎರಡಕ್ಕೂ ಒಂದೇ ಪೈಪು. ನೆಂಟರ ಮನೆಗೆ ಹೋದರೆ ಕುಶಲ ವಿಚಾರಿಸುವ ಮೊದಲೇ ಗೋಡೆ ತಟ್ಟಿ, “ಅಯ್ಯೋ, ಇಷ್ಟು ದಪ್ಪ ಯಾಕ್ರೀ? ಇದರಲ್ಲಿ ಇನ್ನೊಂದು ಮನೆ ಏಳ್ತಿತ್ತಲ್ರೀ!” ಎಂದು ಹಲುಬುತ್ತಾರೆ. ಹೆಂಡತಿ ಎರಡೂ ಕೈ ಚಾಚಿ ಆಕಳಿಸಿದರೆ ಸಾಕು, ಟೇಪು ಹಿಡಿದು ಓಡಿಬಂದು, “ತಡಿಯೇ, ಹಾಗೇ ಇರು, ಮಲಗೋ ಕೋಣೆ ಎಷ್ಟಗಲ ಬೇಕು ಅಂತ ಈಗ ಗೊತ್ತಾಗುತ್ತೆ!” ಎನ್ನುತ್ತಾರೆ, ಪಾಪ, ಆಕೆ ಬಾಯಿ ತೆರೆದುಕೊಂಡೇ ನಿಲ್ಲಬೇಕು. ಇಷ್ಟೆಲ್ಲ ಕತ್ತರಿಸುವವರು ಪ್ರತಿ ಮನೆಯ ಹಿಂಬಾಗಿಲ ಪಕ್ಕ, ಒಬ್ಬರು ಮರೆಯಲ್ಲಿ ಕೂರುವಷ್ಟು ಮೂಲೆಯೊಂದನ್ನು ಮಾತ್ರ ಮುಟ್ಟಿದವರಲ್ಲ. “ಇದನ್ನೂ ತೆಗೆದ್ರೆ ಬಾಡಿಗೆ ಇನ್ನೂ ಇಳಿಯುತ್ತಲ್ಲ ಸಾರ್?” ಎಂದು ಹಿರಿಯ ಮೇಸ್ತ್ರಿ ಒಮ್ಮೆ ಕೆಣಕಿದ. ಕತ್ತರಿ ನಗುತ್ತಲೇ ಟೇಪು ಸುತ್ತಿಟ್ಟರು. “ಒಂದೇ ಕೋಣೇಲಿ ನಾವು ಏಳು ಜನ ಇದ್ವಿ ಕಣಯ್ಯ. ಅಳು ಬಂದಾಗೆಲ್ಲ ನಮ್ಮಮ್ಮ, ನೀರು ತರ್ತೀನಿ ಅಂತ ಕೊಡ ಎತ್ಕೊಂಡು ಹೊರಗೆ ಹೋಗ್ತಿದ್ಲು. ಎಷ್ಟೋ ಸಲ ಹೋಗುವಾಗ್ಲೇ ಆ ಕೊಡ ತುಂಬಿರ್ತಿತ್ತು.”