ಚಕ್ರ ತೊಳೆಯುತ್ತಿದ್ದ ಭಾವ

ಭಾವನ ಉಗುರುಗಳ ಸುತ್ತ ಸದಾ ಒಂದು ಕಪ್ಪು ಗೆರೆ ಇರುತ್ತಿತ್ತು. ಮದುವೆಯ ದಿನ ಅಕ್ಕನ ಕೈ ಹಿಡಿದಾಗಲೂ ಇತ್ತು. ಅರಿಶಿನ ಹಚ್ಚಿ ಉಜ್ಜಿದರೂ ಹೋಗದ ಆ ಕಪ್ಪು, ಬ್ರೇಕ್ ಸವೆದು ಉದುರುವ ಪುಡಿಯದು. ಕನಕಪುರದಲ್ಲಿ ಅವರು ಬಾಡಿಗೆ ಕಾರು ಓಡಿಸುತ್ತಿದ್ದರು. ಬೆಳಿಗ್ಗೆ ಎದ್ದವರೇ ತಮ್ಮ ಮುಖಕ್ಕಿಂತ ಮೊದಲು ಕಾರಿನ ಚಕ್ರ ತೊಳೆಯುತ್ತಿದ್ದರು.

ಕುಕ್ಕರಗಾಲಲ್ಲಿ ಕೂತು, ಹಲ್ಲುಜ್ಜುವ ಹಳೇ ಬ್ರಷ್ಷನ್ನು ಸೋಪಿನ ನೀರಿಗೆ ಅದ್ದಿ, ಚಕ್ರದ ಸಂದುಸಂದನ್ನೂ ತಿಕ್ಕುವರು. ನನಗೆ ಡ್ರೈವಿಂಗ್ ಕಲಿಸಿದವರೂ ಅವರೇ. ಒಂದು ಸುತ್ತು ಓಡಿಸಿಕೊಂಡು ಬಂದು ನಾನು ಬಕೆಟ್ಟಿಗೆ ಕೈ ಹಾಕಿದರೆ ತಡೆಯುತ್ತಿದ್ದರು: “ತಡೀಲಾ, ಒಸಿ ಆರ್ಲಿ. ಕಾದಿರೋ ಚಕ್ರಕ್ಕೆ ತಣ್ಣೀರು ಹುಯ್ದ್ರೆ ಡಿಸ್ಕು ಸೊಟ್ಟಾಯ್ತದೆ.”

ಅಕ್ಕ ಕಾಫಿ ಹಿಡಿದು ಬಾಗಿಲಲ್ಲಿ ನಿಂತು ನಗುವಳು. “ನನ್ ಕಾಲ್ಗೆ ಒಂದಿನಾನಾದ್ರೂ ಇಷ್ಟು ಉಪಚಾರ ಮಾಡಿದ್ದೀರಾ?” ಭಾವ ತಲೆ ಎತ್ತದೆ ಒಂದು ಬೊಗಸೆ ನೀರನ್ನು ಅವಳ ಕಾಲಿಗೆ ಎರಚುವರು. ಮಕ್ಕಳಿಲ್ಲದ ಆ ಮನೆಯಲ್ಲಿ ದಿನ ಹೀಗೆ ಶುರುವಾಗುತ್ತಿತ್ತು.

ಮುಂದೆ ಭಾವ ಅಲಾಯ್ ಚಕ್ರದ ಹಳೆಯ ಕಾರೊಂದನ್ನು ಕೊಂಡರು. ಮೊದಲಿನ ಮಾಲೀಕ ಚಕ್ರಗಳನ್ನು ನೋಡಿಕೊಂಡಿರಲಿಲ್ಲ. ಕಪ್ಪು ಪುಡಿ ಸುಟ್ಟು ಅಂಟಿಕೊಂಡಿತ್ತು. ಸೋಪಿಗೆ ಜಗ್ಗಲಿಲ್ಲ. ಬಚ್ಚಲು ತೊಳೆಯುವ ಆಸಿಡ್ ಹಚ್ಚಿ ನೋಡು ಎಂದು ಯಾರೋ ಹೇಳಿದರು. ಭಾವ ಅದನ್ನು ತಂದು, ಸುರಿಯಲು ಸಲೀಸೆಂದು, ಖಾಲಿ ನೀರಿನ ಬಾಟಲಿಗೆ ತುಂಬಿಟ್ಟುಕೊಂಡರು.

ಬೇಸಿಗೆಯ ಒಂದು ಮಂಗಳವಾರ ಅಕ್ಕ, ಭಾವ, ಅಮ್ಮ, ನಾನು ದೇವರ ದರ್ಶನಕ್ಕೆ ಕಬ್ಬಾಳಿಗೆ ಹೊರಟಿದ್ದೆವು. ಭಾವ ಇನ್ನೂ ಚಕ್ರ ಉಜ್ಜುತ್ತಿದ್ದರು. “ಬಿಸ್ಲೇರ್ತದೆ, ಬನ್ರೀ” ಎಂದು ಅಕ್ಕ ಕೂಗಿದಳು. ಭಾವ ಕೈಯಲ್ಲಿದ್ದ ಆಸಿಡ್ ಬಾಟಲಿಯ ಮುಚ್ಚಳ ಬಿಗಿದು, ಕಾರಿನ ಬಾಗಿಲ ಖಾನೆಗೆ ಸಿಕ್ಕಿಸಿ ಹತ್ತಿದರು.

ದೇವಸ್ಥಾನದ ಸಾಲಿನಲ್ಲಿ ನಿಂತು ಕಾರಿಗೆ ಬಂದ ಅಕ್ಕ, ಬಾಯಾರಿ, ನೀರೆಂದು ಆ ಬಾಟಲಿ ಎತ್ತಿದಳು. ಒಂದೇ ಗುಟುಕು. ಕಿರುಚಲು ಬಾಯಿ ತೆರೆದಳು, ದನಿ ಬರಲಿಲ್ಲ. “ಉಗುದ್ಬುಡು, ಉಗುದ್ಬುಡು!” ಎನ್ನುತ್ತಾ ಭಾವ ಓಡಿ ಬಂದರು. ಅವಳನ್ನು ಕಾರಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದರು.

ಅಕ್ಕ ಬದುಕಿದಳು. ಆದರೆ ಅನ್ನನಾಳ ಸುಟ್ಟು ಮುಚ್ಚಿಕೊಂಡಿತು. ಬೆಂಗಳೂರಿನ ಡಾಕ್ಟರು ಹೊಟ್ಟೆಗೆ ನಳಿಕೆ ಇಟ್ಟು ಕಳಿಸಿದರು. ಭಾವ ಕಾರು ಮಾರಿ ಅವಳ ಜೊತೆ ಮನೆಯಲ್ಲೇ ಉಳಿದರು. ರಾಗಿ ಗಂಜಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ನಳಿಕೆಗೆ ಸ್ವಲ್ಪ ಸ್ವಲ್ಪವೇ ಬಿಡುವರು. ತಮ್ಮ ಊಟವನ್ನು ಮಾತ್ರ ಅವಳಿಗೆ ಕಾಣದಂತೆ ಹಿತ್ತಲಲ್ಲಿ ನಿಂತೇ ಮುಗಿಸುವರು.

ಒಂದು ಮಧ್ಯಾಹ್ನ ನಾನಿದ್ದಾಗ ಅಕ್ಕ ಒಡಕು ದನಿಯಲ್ಲಿ ಹೇಳಿದಳು: “ನನ್ ಮುಂದೇನೇ ಉಣ್ಣಿ. ಉಪ್ಸಾರಿನ ವಾಸ್ನೆನಾದ್ರೂ ಬರ್ಲಿ.”

“ಬ್ಯಾಡ ಕಣಮ್ಮಿ.”

“ಇನ್ನೇನ್ ಕೇಳ್ದೆ ನಾನು ನಿಮ್ನ?”

ಭಾವ ತಟ್ಟೆ ತಂದು ಮಂಚದ ಪಕ್ಕ ಕೂತರು. ಮುದ್ದೆ ಮುರಿದು, ಅದ್ದಿ, ನುಂಗಿದರು. ಅಕ್ಕ ಅವರ ಗಂಟಲನ್ನೇ ನೋಡುತ್ತಿದ್ದಳು. “ಉಪ್ಪು ಸರ್ಯಾಗೈತಾ?” ಎಂದಳು. ಭಾವ ತಲೆಯಾಡಿಸಿದರು. ತಟ್ಟೆ ಖಾಲಿ ಮಾಡಿ ಎದ್ದವರು ಹಿತ್ತಲಿಗೆ ಹೋಗಿ ಎಲ್ಲವನ್ನೂ ಕಕ್ಕಿಬಿಟ್ಟರು. ಮರುದಿನ ಮತ್ತೆ ಅವಳ ಮುಂದೆಯೇ ಉಂಡರು. ಅವಳು ಇರುವವರೆಗೂ ಹಾಗೆಯೇ ಉಂಡರು.

ನಳಿಕೆಯ ಗಾಯ ಕೀವಾಗಿ, ಜ್ವರ ಏರಿ, ಅಕ್ಕ ಹೋದಳು. ಅಳಿಯನನ್ನು ಎಂದೂ ಏಕವಚನದಲ್ಲಿ ಮಾತಾಡಿಸದ ಅಮ್ಮ ಎಲ್ಲರೆದುರು, “ನೀನೇ ಕಣೋ ನನ್ ಮಗ್ಳನ್ನ ಕೊಂದೋನು” ಎಂದಳು. ಭಾವ, “ಹೂಂ ಅತ್ತೆ” ಎಂದರು. ಅಷ್ಟೇ.

ಅಕ್ಕನನ್ನು ಭಾವನ ಊರಾದ ಗುಡೇಮಾರನಹಳ್ಳಿಯಲ್ಲಿ, ಅವರ ಹೊಲದಲ್ಲಿ ಮಣ್ಣು ಮಾಡಿದರು. ಭಾವ ಅಲ್ಲೇ, ತಮ್ಮ ಒಡಹುಟ್ಟಿದ ತಮ್ಮನ ಮನೆಯಲ್ಲಿ ಉಳಿದರು. ನೋಡಲು ಹೋದಾಗ ನಾನು, “ಅಕ್ಕ ನಿಮ್ಮನ್ನ ಒಂದಿನಾನೂ ಬೈಲಿಲ್ಲ, ಭಾವ” ಎಂದೆ.

“ಬೈದಿದ್ರೆ ಚೆನ್ನಾಗಿತ್ತು ಕಣ್ಲಾ,” ಎಂದರು. “ಬೈಸ್ಕೊಂಡಾದ್ರೂ ಬದುಕ್ಬೋದಾಗಿತ್ತು.”

ದಿನೇ ದಿನೇ ಸೊರಗಿದರು. ಆಸ್ಪತ್ರೆಗೆ ಕರೆದರೆ ಬರಲಿಲ್ಲ. ಒಂದು ಬೆಳಿಗ್ಗೆ ಎಬ್ಬಿಸಲು ಹೋದ ತಮ್ಮನಿಗೆ ಮೈ ತಣ್ಣಗೆ ಸಿಕ್ಕಿತು.

ಅಮ್ಮ ಮಣ್ಣಿಗೆ ಬರಲಿಲ್ಲ. ಮುಗಿಸಿಕೊಂಡು ನಾನು ಮನೆಗೆ ಬಂದಾಗ ಬಾಗಿಲಲ್ಲೇ ಕೂತಿದ್ದಳು.

“ಆಯ್ತಾ?”

“ಆಯ್ತು.”

“ಅವ್ಳ ಪಕ್ದಲ್ಲೇ ಮಡುಗುದ್ರಾ?”

“ಹೂಂ.”

ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಯಾರಿಗಾಗಿ ಅತ್ತಳೋ ನಾನು ಕೇಳಲಿಲ್ಲ.