ಶಿವರಾತ್ರಿಗೆ ಒಲೆ ಹೊತ್ತಿಸಿದವರು

ಅವರ ಗಡಿಯಾರ ತಲೆಕೆಳಗಾಗಿ ತೂಗುತ್ತಿತ್ತು. ಬಿಳಿ ಸೀರೆಯ ಸೆರಗಿಗೆ, ಎಡ ಎದೆಯ ಮೇಲೆ ಒಂದು ಪಿನ್ನು. ಪಿನ್ನಿಗೆ ಬೆರಳುದ್ದದ ಸರಪಳಿ. ಸರಪಳಿಗೆ ರೂಪಾಯಿ ಅಗಲದ ಗಡಿಯಾರ. ಎದುರು ನಿಂತವರಿಗೆ ಹನ್ನೆರಡು ಕೆಳಗೆ, ಆರು ಮೇಲೆ. ಅವರು ಗದ್ದ ತಗ್ಗಿಸಿ ನೋಡಿದರೆ ಮಾತ್ರ ಎಲ್ಲ ಸರಿ.

"ನಿಮ್ಮ ಗಡಿಯಾರ ಉಲ್ಟಾ ಐತ್ರಿ" ಎಂದು ಮೊದಲ ದಿನವೇ ಹೇಳಿದ್ದೆ.

"ನನಗ ಸೀದಾ ಐತಿ. ನೋಡಾಕಿ ನಾನು" ಎಂದರು.

ಅವರು ಸರಕಾರಿ ದವಾಖಾನೆಯ ನರ್ಸು. ಓಣಿಯವರೆಲ್ಲ ಬಾಯಾರು ಎನ್ನುತ್ತಿದ್ದರು. ಬೆನ್ನ ಹಿಂದೆ ಬಿರುಸು ಹೆಂಗಸು ಎನ್ನುತ್ತಿದ್ದರು. ಈಗಲೂ ನಮ್ಮ ಬಳಗದಲ್ಲಿ ಅವರ ಮಾತು ಬಂದರೆ ಯಾರಾದರೊಬ್ಬರು ಆ ಶಬ್ದ ತೆಗೆಯುತ್ತಾರೆ. ತೆಗೆಯಲಿ. ಬಿರುಸಾಗಿಯೇ ಇದ್ದರು. ಮೆತ್ತಗಿದ್ದವರಿಂದ ಆ ಶಿವರಾತ್ರಿಯ ದಿನ ನಮ್ಮ ಮನೆಯಲ್ಲಿ ಏನೂ ಆಗಲಿಲ್ಲ ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಐವತ್ತರ ದಶಕ ಮುಗಿಯಲು ಬಂದಿತ್ತು. ಅಪ್ಪನಿಗೆ ಹುಬ್ಬಳ್ಳಿಯ ರೈಲ್ವೆ ಆಫೀಸಿನಲ್ಲಿ ಕಾರಕೂನಿಕೆ ಸಿಕ್ಕಿತು. ನಮ್ಮೂರು ಸುಳ್ಳದ ಹೊಲ ಮನೆಯನ್ನು ಅಪ್ಪನ ತಮ್ಮನಾದ ಕಾಕಾನಿಗೆ ಒಪ್ಪಿಸಿ, ಅಪ್ಪ, ಅವ್ವ, ಅಪ್ಪನ ತಾಯಿಯಾದ ನಮ್ಮ ಆಯಿ ಮತ್ತು ನಾನು ಧಾರವಾಡಕ್ಕೆ ಬಂದು ಮಾಳಮಡ್ಡಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಧಾರವಾಡ ನನ್ನ ಸಾಲಿಯ ಸಲುವಾಗಿ; ಅಪ್ಪ ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದ. ನನಗಾಗ ಹನ್ನೊಂದು ವರ್ಷ. ಹೊಸ ಮನೆಗೆ ಬಂದು ತಿಂಗಳಾಗಿರಲಿಲ್ಲ, ಒಂದು ಸಂಜೆ ಅಪ್ಪನ ಕೋಟಿನ ಜೇಬು ತಾನಾಗಿ ಅಲುಗಾಡಿತು.

ಜೇಬಿನಿಂದ ಬಂದದ್ದು ಕಂದು ಬಣ್ಣದ ಒಂದು ಉಣ್ಣೆಯ ಉಂಡೆ. ಅದಕ್ಕೆ ಎರಡು ಕಣ್ಣು. ಎಂಜಿನ್ ಡ್ರೈವರ್ ಸಾಹೇಬರೊಬ್ಬರು ಸಂಸಾರ ಸಮೇತ ದೇಶ ಬಿಟ್ಟು ಹೊರಟಿದ್ದರು. ಅವರ ಮನೆಯ ಪಾಮೇರಿಯನ್ ಮರಿಗಳಲ್ಲಿ ಕೊನೆಯದನ್ನು ಅಪ್ಪನ ಕೈಗಿಟ್ಟಿದ್ದರು. ಆ ಜಾತಿಯಲ್ಲೇ ಎಲ್ಲಕ್ಕಿಂತ ಸಣ್ಣ ತಳಿಯಂತೆ, ಬೆಳೆದರೂ ಬೆಕ್ಕಿನಷ್ಟಾಗುವುದಿಲ್ಲವಂತೆ.

"ಇಲಿಗೆ ಉಣ್ಣಿ ಅಂಗಿ ಹಾಕಿ ತಂದೀಯೇನೋ?" ಎಂದಳು ಆಯಿ.

ಗುಲಗಂಜಿಯಷ್ಟಿದೆ ಎಂದು ಅವ್ವ ಗುಂಜಿ ಎಂದು ಕರೆದಳು. ನಮಗೆ ನಾಯಿ ಗೊತ್ತಿತ್ತು, ಹೊಲದ ನಾಯಿ. ಅದಕ್ಕೆ ಮಾಡಿದಂತೆಯೇ ಇದಕ್ಕೂ ಮಾಡಿದೆವು. ಹಿತ್ತಲಲ್ಲಿ ಹಗ್ಗ ಕಟ್ಟಿ, ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿಯ ತುಂಡು ಮುಂದಿಟ್ಟೆವು. ಅದು ರೊಟ್ಟಿಯ ಮೇಲೆ ಬಿದ್ದು ಅಳತೊಡಗಿತು. ಆಗ ಹಿತ್ತಲ ಗೋಡೆಯ ಮೇಲೆ ಒಂದು ತಲೆ ಕಾಣಿಸಿತು, ಗೋಡೆಯಾಚೆ ಇದ್ದ ಬಾಯಾರದು.

"ಎಷ್ಟ ದಿನದ್ದು ಅದು?"

"ಆರು ವಾರದ್ದಂತ್ರಿ" ಎಂದಳು ಅವ್ವ.

"ಇನ್ನೂ ತಾಯಿ ಹಂತೇಕ ಇರಬೇಕಾಗಿತ್ತು. ತಂದೀರಿ, ಇನ್ನ ಯಾರರ ತಾಯಿ ಆಗ್ರಿ. ಯಾರು ಆಗ್ತೀರಿ?"

ಅವ್ವ ಆಯಿಯ ಕಡೆ ನೋಡಿದಳು. ನಾನು "ನಾನ್ರಿ" ಎಂದೆ.

"ಕೈ ತೋರಿಸು... ಹೋಗು, ಉಗುರು ಕತ್ತರಿಸ್ಕೊಂಡು ಬಾ."

ಅಲ್ಲಿಂದ ನನ್ನ ಪಾಠ ಶುರುವಾಯಿತು. ಎಂಟನೇ ತಿಂಗಳಿಗೆ ಹುಟ್ಟಿದ ಕೂಸನ್ನು ಹೇಗೆ ಸಾಕುವರೋ ಹಾಗೆ, ಎಂದರು. ಹಗ್ಗ ಬಿಚ್ಚಿಸಿದರು. ಒಂದು ಬುಟ್ಟಿ, ಅದರಲ್ಲಿ ಕಂಬಳಿಯ ತುಂಡು. ದವಾಖಾನೆಯ ಖಾಲಿ ಗಾಜಿನ ಬಾಟಲಿಗೆ ಬಿಸಿನೀರು ತುಂಬಿ, ಅಪ್ಪನ ಹಳೇ ಧೋತರದಲ್ಲಿ ಸುತ್ತಿ ಮರಿಯ ಬೆನ್ನಿಗೆ ಇಡಬೇಕು. ತಮ್ಮ ಅಲಾರಾಂ ಗಡಿಯಾರವನ್ನು ಬಟ್ಟೆಯಲ್ಲಿ ಕಟ್ಟಿ ಬುಟ್ಟಿಯ ಮೂಲೆಯಲ್ಲಿಟ್ಟರು. ಅದರ ಸಪ್ಪಳ ಮರಿಗೆ ತಾಯಿಯ ಎದೆಬಡಿತದಂತೆ ಕೇಳುತ್ತದಂತೆ. ಅಂದು ಗುಂಜಿ ಅಳಲಿಲ್ಲ. ಸ್ನಾನ ಮಾಡಿಸಬಾರದು. ಕಟ್ಟೆಯ ಮೇಲೆ ಬಿಡಬಾರದು. ಮಲಗಿದ್ದನ್ನು ಆಡಲು ಎಬ್ಬಿಸಬಾರದು. ಎಲ್ಲಕ್ಕಿಂತ ದೊಡ್ಡ ಮಾತು ಹೊಟ್ಟೆಯದು. "ಅದರ ಹೊಟ್ಟಿ ಹುಣಸೀಬೀಜದಷ್ಟು. ಒಮ್ಮೆ ಬಾಳ ಹಾಕಿದ್ರ ಕೆಡತೈತಿ. ಹಾಕದಿದ್ರ ಜೀವಾನ ಹೋಗತೈತಿ." ಆರು, ಒಂಬತ್ತು, ಹನ್ನೆರಡು, ಮೂರು, ಆರು, ಒಂಬತ್ತು. ಮೂರು ತಾಸಿಗೊಮ್ಮೆ ತೆಳ್ಳನೆಯ ಅಕ್ಕಿಗಂಜಿ, ಆಡಿನ ಹಾಲು. ನನ್ನ ಸಾಲಿಯ ಪಾಟಿಯ ಮೇಲೆ ಬಳಪದಿಂದ ಗಂಟೆಗಳನ್ನು ಬರೆಸಿ ಹಿತ್ತಲ ಗೋಡೆಗೆ ತೂಗುಹಾಕಿಸಿದರು. ಪ್ರತಿ ಸಲವೂ ಎದುರಿಗೆ ಒಂದು ಗೀಟು ಎಳೆಯಬೇಕು. ನಾನು ಸಾಲಿಗೆ ಹೋದಾಗ ಅವ್ವ ಎಳೆಯುತ್ತಿದ್ದಳು. ಡ್ಯೂಟಿಯಿಂದ ಬಂದವರೇ ಅವರು ಗೋಡೆಯ ಆಚೆಯಿಂದ ಮೊದಲು ಪಾಟಿ ನೋಡುತ್ತಿದ್ದರು, ಆಮೇಲೆ ನನ್ನ ಮುಖ. ಭಾನುವಾರಕ್ಕೊಮ್ಮೆ ಅವರ ಖೋಲಿಯಲ್ಲಿ ಗುಂಜಿಗೆ ಕೋಳಿ ತತ್ತಿಯ ಹಳದಿ. ಅದು ಆಯಿಗೆ ಕೊನೆತನಕ ಗೊತ್ತಾಗಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಬಾಯಾರು ಹೆಬ್ಬಳ್ಳಿಯವರು, ಅಲ್ಲಿನ ಊರ ಹೊರಗಿನ ಕೇರಿಯವರು. ಅವರ ಅಣ್ಣ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದ. ಅವರ ಖೋಲಿಯ ಗೋಡೆಯ ಮೇಲೆ ಬುದ್ಧನದೊಂದೇ ಪಟ. ಬೇರೆ ಯಾರೂ ಮನೆ ಕೊಡದೆ, ಒಬ್ಬ ಕ್ರಿಶ್ಚಿಯನ್ ಮಾಸ್ತರರು ತಮ್ಮ ಹಿತ್ತಲಿನ ಎರಡು ಖೋಲಿ ಕೊಟ್ಟಿದ್ದರು. ಓಣಿಯಲ್ಲಿ ಯಾರಿಗೆ ಜ್ವರ ಬಂದರೂ ಅವರನ್ನೇ ಕರೆಯುತ್ತಿದ್ದರು, ಕಟ್ಟೆಯ ತನಕ. ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು. ನಮ್ಮ ಮನೆಯಲ್ಲೂ ಹಾಗೆಯೇ. ಅವರು ನೀರು ಕೇಳುವುದನ್ನೇ ಬಿಟ್ಟಿದ್ದರು.

ಒಂದು ಭಾನುವಾರ ಸುಳ್ಳದಿಂದ ಕಾಕಾ ಬಂದ. ಹೊಲದ ಮಣ್ಣು, ತಂಬಾಕು ಎರಡೂ ಇದ್ದ ಕೈಯನ್ನು ಗುಂಜಿಯ ಬುಟ್ಟಿಗೆ ಚಾಚಿದ. ಬಾಯಾರು ಗೋಡೆಯ ಆಚೆ ಬಟ್ಟೆ ಒಣಹಾಕುತ್ತಿದ್ದರು.

"ಕೈ ತೊಳಕೊಂಡು ಮುಟ್ರಿ."

ಕಾಕಾ ತಿರುಗಿ ನೋಡಿದ. "ಯಾರಿಗೆ ಹೇಳಾಕತ್ತೀ?"

"ಮುಟ್ಟಾವ್ರಿಗೆ."

"ನಾ ಯಾರಂತ ಗೊತ್ತೈತೇನು?"

"ಕೈ ಕಾಣಾಕತ್ತೈತಲ್ರಿ, ಸಾಕು." ಕೆಂಪು ಕಾರ್ಬಾಲಿಕ್ ಸಾಬೂನಿನ ಒಂದು ತುಂಡನ್ನು ಗೋಡೆಯ ಮೇಲಿಟ್ಟರು. "ಮೊಣಕೈತನಕ ತೊಳೀರಿ. ಎಳೇ ಮರಿ. ನಿಮ್ಮ ಮೈಲಿಗಿ ಅದು ತಡಕೊಳ್ಳಂಗಿಲ್ಲ."

ಅವ್ವ ಒಳಗೆ ಓಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಹೆದರಿದ್ದಳೋ, ನನಗಿನ್ನೂ ಗೊತ್ತಿಲ್ಲ. ಕಾಕಾ ತೊಳೆಯಲೂ ಇಲ್ಲ, ಮುಟ್ಟಲೂ ಇಲ್ಲ.

ಗುಂಜಿ ಬಂದ ಮೂರನೇ ವಾರ ಶಿವರಾತ್ರಿ. ನಮ್ಮ ಮನೆಯಲ್ಲಿ ಅಂದು ಸಂಜೆಯ ಪೂಜೆ ಮುಗಿಯುವ ತನಕ ಒಲೆ ಹೊತ್ತುವುದಿಲ್ಲ, ಯಾರ ಬಾಯಿಗೂ ಏನೂ ಹೋಗುವುದಿಲ್ಲ. ಸುಳ್ಳದಲ್ಲಿದ್ದಾಗ ಆ ದಿನ ನಾಯಿಗೂ ರೊಟ್ಟಿ ಇರುತ್ತಿರಲಿಲ್ಲ. ನಮ್ಮ ಮನೆಯ ನಾಯಿಯೂ ಶಿವಭಕ್ತ ಎಂದು ಆಯಿ ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದಳು. ಕುರಿಯಷ್ಟು ಎತ್ತರದ ಆ ನಾಯಿಗೆ ಒಂದು ದಿನದ ಉಪವಾಸ ಯಾವ ಲೆಕ್ಕ!

ಬೆಳಿಗ್ಗೆ ಆರಕ್ಕೆ ನಾನು ಗುಂಜಿಗೆ ಗಂಜಿ ಕೇಳಿದೆ.

"ಇವತ್ತ ಗಂಜಿ ಇಲ್ಲ" ಎಂದಳು ಆಯಿ.

"ಬಾಯಾರು ಬೈತಾರ ಆಯಿ."

"ಬಾಯಾರ ಮಾತು ಬಾಯಾರ ಮನ್ಯಾಗ. ಈ ಮನಿ ನಾಯಿಗೆ ಈ ಮನಿ ಪದ್ಧತಿ."

ನಾನು ಹಿರಿಯರು ಹೇಳಿದ್ದನ್ನು ಮಾಡುವ ಹುಡುಗಿ. ಪಾಟಿಯಲ್ಲಿ ಆರರ ಮುಂದೆ ಗೀಟಿನ ಬದಲು 'ಉಪವಾಸ' ಎಂದು ಬರೆದೆ. ಒಂಬತ್ತರ ಮುಂದೆಯೂ ಉಪವಾಸ. ಒಂಬತ್ತಕ್ಕೆ ಗುಂಜಿ ಅತ್ತಿತು. ಹನ್ನೆರಡಕ್ಕೆ ಅಳಲಿಲ್ಲ. ಅದಕ್ಕೂ ಭಕ್ತಿ ಬಂತು ಎಂದುಕೊಂಡು ನಾನು ಚೆಂದಾಗಿ ಮೂರನೆಯ ಉಪವಾಸ ಬರೆದೆ.

ಆ ದಿನ ಬಾಯಾರದು ಮುಂಜಾನೆಯ ಡ್ಯೂಟಿ. ಒಂದು ಗಂಟೆಗೆ ಬಂದರು, ದಿನದಂತೆ ಪಾಟಿ ನೋಡಿದರು. ಈ ಸಲ ನನ್ನ ಮುಖ ನೋಡಲಿಲ್ಲ. ಸುತ್ತು ಹಾಕಿ ಬಂದು ನಮ್ಮ ಹಿತ್ತಲ ಬಾಗಿಲು ತಳ್ಳಿ, ನೇರ ಬುಟ್ಟಿಗೆ ಕೈ ಹಾಕಿದರು. ಗುಂಜಿಯ ಕುತ್ತಿಗೆ ನಿಲ್ಲಲಿಲ್ಲ. ಮೈ ತಣ್ಣಗಿತ್ತು. ತುಟಿ ಎತ್ತಿ ನೋಡಿದರು. ಒಸಡು ಸುಣ್ಣದಂತೆ ಬೆಳ್ಳಗಾಗಿತ್ತು.

"ಬೆಲ್ಲ ಎಲ್ಲೈತಿ?"

ನಾನು ಅಡಿಗೆಮನೆಯ ಕಡೆ ಬೆರಳು ತೋರಿಸಿದೆ. ಅವರು ಚಪ್ಪಲಿ ಬಿಟ್ಟು, ಮರಿಯನ್ನು ಎದೆಗೆ ಅವಚಿಕೊಂಡು ಒಳಗೆ ನಡೆದೇಬಿಟ್ಟರು. ನಮ್ಮ ಅಡಿಗೆಮನೆಯೊಳಗೆ. ಡಬ್ಬಿ ತೆರೆದು ಬೆಲ್ಲ ಮುರಿದರು, ನಮ್ಮ ಕೊಡದ ನೀರಿನಲ್ಲೇ ಕರಗಿಸಿ ಕಿರುಬೆರಳಿನಿಂದ ಗುಂಜಿಯ ಒಸಡಿಗೆ ತಿಕ್ಕತೊಡಗಿದರು. ಸಪ್ಪಳಕ್ಕೆ ದೇವರಮನೆಯಿಂದ ಆಯಿ ಎದ್ದು ಬಂದಳು.

"ಶಿವಶಿವಾ! ಯಾರ ಕೇಳಿ ಒಳಗ ಬಂದಿ?"

"ಯಾರನ್ನೂ ಕೇಳಿಲ್ರಿ. ತಂಗೀ, ಒಲೀಗೆ ಕಟಗಿ ಇಡ್ರಿ, ಬಿಸಿನೀರು ಬೇಕು." ಕೊನೆಯ ಮಾತು ಅವ್ವನಿಗೆ.

"ಒಲಿ ಮುಟ್ಟಬ್ಯಾಡ! ಇವತ್ತ ಯಾವ ದಿನಾ ಗೊತ್ತೈತೇನು?"

"ಗೊತ್ತೈತ್ರಿ. ಶಿವರಾತ್ರಿ. ಶಿವ ಏನರ ಕೇಳಿದ್ರ ನನ್ನ ಹೆಸರು ಹೇಳ್ರಿ."

ಅವ್ವ ಬಾಗಿಲ ಬಳಿ ನಿಂತಿದ್ದಳು. ಅತ್ತೆಗೆ ಎಂದೂ ಎದುರಾಡಿದವಳಲ್ಲ, ಅಂದೂ ಆಡಲಿಲ್ಲ. ಗೂಡಿನಿಂದ ಕಡ್ಡಿಪೆಟ್ಟಿಗೆ ತೆಗೆದು ಬಾಯಾರ ಕೈಗಿಟ್ಟಳು. ಒಲೆ ಹೊತ್ತಿತು. ಬಾಟಲಿಗೆ ನೀರು ತುಂಬಿತು. ಬಾಯಾರು ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಮರಿಯ ಎದೆ ಹಿಡಿದು, ಗದ್ದ ತಗ್ಗಿಸಿ ಗಡಿಯಾರ ನೋಡುತ್ತ ಎಣಿಸತೊಡಗಿದರು. ಐದು ನಿಮಿಷಕ್ಕೊಮ್ಮೆ ಬೆಲ್ಲದ ಬೆರಳು. ನಾಲ್ಕನೆಯ ಸಲ ಗುಂಜಿ ಆ ಬೆರಳನ್ನು ನೆಕ್ಕಿತು. ಆಮೇಲೆ ಕಚ್ಚಿತು.

"ಹಲ್ಲು ಹತ್ತಿತು. ಇನ್ನ ಗಂಜಿ ಮಾಡ್ರಿ" ಎಂದು ಎದ್ದರು. ನನ್ನ ಕಡೆ ತಿರುಗಿದರು. ಬೈಯುತ್ತಾರೆಂದು ಕಾದೆ. "ಖರೇ ಬರದೀ, ಅದಕ್ಕ ಉಳೀತು. ಸುಳ್ಳ ಗೀಟು ಎಳದಿದ್ರ ನಾ ಉಣ್ಣಾಕ ಹೋಗ್ತಿದ್ದೆ. ಆದ್ರ ಇನ್ನೊಂದು ತಿಳ್ಕೋ. ಹೊತ್ತು ಮೀರಿದ್ರ ಅಳೂದಲ್ಲ, ಬರಿಯೂದಲ್ಲ. ಗಟ್ಟಿಯಾಗಿ ಒದರೂದು."

ಅಷ್ಟರಲ್ಲಿ ಆಯಿ ಬಕೀಟಿನಲ್ಲಿ ಸಗಣಿ ಕಲಸುತ್ತಿದ್ದಳು. ಬಾಯಾರು ಅದನ್ನು ನೋಡಿದರು. ಚಪ್ಪಲಿ ಮೆಟ್ಟಿಕೊಳ್ಳುತ್ತ, ಮೆತ್ತಗೆ ಎಂದರೆ ಮೆತ್ತಗೇ ಹೇಳಿದರು: "ಒಲಿ ಸಾರಸ್ರಿ, ಬ್ಯಾಡ ಅನ್ನಂಗಿಲ್ಲ. ಸಾರಸೂದು ಮೂರರ ಒಳಗ ಮುಗಸ್ರಿ. ಮೂರಕ್ಕ ಮತ್ತ ಗಂಜಿ ಕಾಸಬೇಕು."

ಸಂಜೆ ಅಪ್ಪ ಬಂದಾಗ ಆಯಿ ಗಂಟು ಕಟ್ಟಿ ಕೂತಿದ್ದಳು. ನಾಯಿ ಹೋಗಬೇಕು, ಇಲ್ಲವೆ ತಾನು ಸುಳ್ಳಕ್ಕೆ ಹೋಗುತ್ತೇನೆ ಎಂದಳು. ಅಪ್ಪ ಕೋಟು ಬಿಚ್ಚಿ ತಾಯಿಯ ಮುಂದೆ ಕೂತು, "ನಾಯಿ ಇರ್ಲಿ ಅವ್ವಾ. ಅಡಗಿಮನಿ ಮಾತು ನಿಂದು" ಎಂದ. ಅರ್ಧ ಧೈರ್ಯ. ಆಯಿಯೂ ಹೋಗಲಿಲ್ಲ, ಅರ್ಧ ಸಿಟ್ಟು. ನನಗೆ ಮಾತ್ರ ಬಾಯಾರ ಕಡೆ ಹೋಗಬಾರದೆಂದು ಅಪ್ಪಣೆಯಾಯಿತು. ಮರುದಿನ ಬೆಳಿಗ್ಗೆ ಆರಕ್ಕೆ ಗುಂಜಿಯನ್ನು ಎತ್ತಿಕೊಂಡು ಅವರ ಬಾಗಿಲಲ್ಲಿ ನಿಂತಿದ್ದೆ. ನನ್ನ ಜೀವನದಲ್ಲಿ ಹಿರಿಯರ ಮಾತು ಮೀರಿದ್ದು ಅದೇ ಮೊದಲು. ಹೊತ್ತಿಗೆ ಸರಿಯಾಗಿ ಮೀರಿದೆ.

"ನಮ್ಮ ಮನಿಗೆ ಇನ್ನ ಬರಂಗಿಲ್ಲೇನ್ರಿ?" ಎಂದು ಕೇಳಿದೆ.

"ಕರೀಲಾರದ ಮನಿಗೆ ಒಮ್ಮೆ ಹೋಗ್ತೇನಿ, ಜೀವ ಹೋಗೂ ಹೊತ್ತಿಗೆ. ಎರಡನೇ ಸಲ ಕರದ್ರನ ಹೋಗೂದು."

ಯಾರೂ ಕರೆಯಲಿಲ್ಲ. ಕರೆಯುವ ಮನೆ ನನ್ನದಾಗಿರಲಿಲ್ಲ.

ಅರವತ್ತರ ದಶಕ ಮುಗಿಯುವ ಮೊದಲು ನಾನು ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಸಾಲಿಯಲ್ಲಿ ಶಿಕ್ಷಕಿಯಾದೆ. ಮದುವೆಯಾಗದ ಹುಡುಗಿ ಒಬ್ಬಳೇ ಎರಡು ಖೋಲಿಯ ಮನೆ ಹಿಡಿದದ್ದು ಬಳಗಕ್ಕೆ ಮೊದಲ ಪೆಟ್ಟು. ಎರಡನೆಯದನ್ನು ನಾನೇ ಇಟ್ಟುಕೊಂಡಿದ್ದೆ. ಹೊಸ ಮನೆಯಲ್ಲಿ ಮೊದಲು ಒಲೆ ಹೊತ್ತಿಸಿ ಹಾಲು ಉಕ್ಕಿಸಬೇಕು. ಉಕ್ಕಿಸುವವಳು ಬಳಗದ ಹಿರಿಯ ಮುತ್ತೈದೆ. ನಾನು ಕುಂಕುಮದ ಬಟ್ಟಲು ಹಿಡಿದು ಮಾಳಮಡ್ಡಿಯ ಬಾಯಾರ ಖೋಲಿಗೆ ಕರೆಯಲು ಹೋದೆ.

"ಕುಂಕುಮ ಬ್ಯಾಡ. ಎಷ್ಟ ಗಂಟೆಕ್ಕ ಅದನ್ನ ಹೇಳು" ಎಂದರು.

ಹನ್ನೊಂದಕ್ಕೆ ಎಂದಿದ್ದೆ, ಕಾಲು ತಾಸು ಮೊದಲೇ ಬಂದರು. ಕೂದಲು ಅರ್ಧ ನರೆತಿತ್ತು, ಗಡಿಯಾರ ಅಲ್ಲೇ ತೂಗುತ್ತಿತ್ತು. ಮೊಣಕೈತನಕ ಕೈ ತೊಳೆದರು. ಕಾಕಾ, ಅವನ ಹೆಂಡತಿ ಕಾಕೂ, ಅವ್ವ, ಅಪ್ಪ, ಆಯಿ ಎಲ್ಲರೂ ನೋಡುತ್ತಿದ್ದಂತೆ ಸ್ಟೋವ್ ಹೊತ್ತಿಸಿ ಹಾಲಿಟ್ಟರು. ಹಾಲು ಉಕ್ಕಿತು, ಮೂರು ಕಡೆ ಚೆಲ್ಲಿತು.

"ನಾವು ಇಲ್ಲಿ ನೀರೂ ಕುಡಿಯಂಗಿಲ್ಲ" ಎಂದ ಕಾಕಾ.

"ಹಂಗಾರ ನಿಮಗ ಇವತ್ತ ಉಪವಾಸ, ಕಾಕಾ. ಹೋಗಿ ಬರ್ರಿ" ಎಂದೆ. ಅವನೂ ಕಾಕೂನೂ ಮಧ್ಯಾಹ್ನದ ಬಸ್ಸು ಹಿಡಿದರು. ಸುಳ್ಳದ ಮನೆಯವರು ನನಗೆ ಹನ್ನೊಂದು ವರ್ಷ ಪತ್ರ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಅವ್ವ ಹಾಲು ಕುಡಿದಳು. ಅಪ್ಪ ಕುಡಿದ, ಈ ಸಲ ಪೂರ್ತಿ ಲೋಟ.

ಆಯಿ ಕುಡಿಯಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಹಲ್ಲು ಉದುರಿದ ಗುಂಜಿ ಅವಳ ಮಡಿಲಲ್ಲಿತ್ತು. ಸ್ವಲ್ಪ ಹೊತ್ತಿಗೆ ಅವಳೇ ಕೂಗಿದಳು: "ಹನ್ನೆರಡಾತು. ಗುಂಜಿಗೆ ಹಾಕ್ತೀರೋ ಇಲ್ಲೋ?"

ಬಾಯಾರು ಗದ್ದ ತಗ್ಗಿಸಿ ನೋಡಿದರು. "ಇನ್ನ ಐದು ನಿಮಿಷ ಅದಾವ್ರಿ."

ಅಷ್ಟೇ. ಆಯಿ ಬದಲಾದಳೆಂದು ನಾನು ಸುಳ್ಳು ಗೀಟು ಎಳೆಯುವುದಿಲ್ಲ. ಆದರೆ ಹೊತ್ತು ಅವಳಿಗೂ ಹತ್ತಿತ್ತು.

ಬಾಯಾರು ತೀರಿಕೊಂಡದ್ದು ಹೆಬ್ಬಳ್ಳಿಯಲ್ಲಿ, ಅಣ್ಣನ ಮನೆಯಲ್ಲಿ. ಒಂಬತ್ತರ ಗಂಜಿ ಕುಡಿದು, ಹನ್ನೆರಡರದು ಬೇಡ ಎಂದರಂತೆ. ಆಮೇಲೆ ನಾನು ಎಷ್ಟೋ ಮನೆ ಬದಲಿಸಿದ್ದೇನೆ, ಎಷ್ಟೋ ಮರಿಗಳನ್ನು ಸಾಕಿದ್ದೇನೆ. ಪ್ರತಿ ಮನೆಯಲ್ಲೂ ಹಿತ್ತಲ ಗೋಡೆಗೆ ಪಾಟಿ ತೂಗಿದೆ, ಪ್ರತಿ ಶಿವರಾತ್ರಿಗೂ ಬೆಳಿಗ್ಗೆ ಆರಕ್ಕೆ ಒಲೆ ಹೊತ್ತಿದೆ. ನನ್ನ ಉಪವಾಸ ನಾನು ಮಾಡುತ್ತೇನೆ. ಅದನ್ನು ಇನ್ನೊಂದು ಜೀವದ ಹೊಟ್ಟೆಗೆ ಕಟ್ಟುವುದಿಲ್ಲ. ಇದೆಂಥ ಪದ್ಧತಿ ಎಂದು ಬಂದವರು ಕೇಳಿದ್ದಾರೆ. ಈ ಮನೆಯ ಪದ್ಧತಿ ಎಂದಿದ್ದೇನೆ.

ಅವರ ಹೆಸರನ್ನು ಇಲ್ಲಿ ಬರೆದಿಲ್ಲ. ಅದನ್ನು ಕೇಳಬೇಕಾದ ಶಿವ ಇನ್ನೂ ಕೇಳಿಲ್ಲ. ಕೇಳಲಿ, ಹೇಳುತ್ತೇನೆ.